ಇಲ್ಲೇ ಹುಟ್ಟಿದವರು ನಿರಾಶ್ರಿತರು ಹೇಗಾಗುತ್ತಾರೆ? ಬೈಲಕುಪ್ಪೆಯನ್ನು ನೋಡಿಬಂದ ಮೇಲೆ ಒಂದು ಪ್ರಶ್ನೆ

ಪ್ರಶ್ನೆ – ಪ್ರೌಢಶಾಲಾ ಶಿಕ್ಷಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಮಕ್ಕಳನ್ನು ಟಿಬೆಟನ್ ನಿರಾಶ್ರಿತರ ವಸಾಹತಾದ ಬೈಲಕುಪ್ಪೆಗೆ ಕರೆದುಕೊಂಡು ಹೋಗಿದ್ದೆ. ನಾಮ್‌ಡ್ರೋಲಿಂಗ್ ಮಠದಿಂದ ಹೊರಬಂದಾಗ, ಸ್ವೆಟರ್ ಅಂಗಡಿಯ ಯುವತಿಯೊಬ್ಬರು ನಮ್ಮೊಡನೆ ಅಚ್ಚ ಕನ್ನಡದಲ್ಲಿ ಮಾತನಾಡುತ್ತಾ, ತಾವೂ ತಮ್ಮ ತಾಯಿಯೂ ಇದೇ ಊರಿನಲ್ಲಿ ಹುಟ್ಟಿದವರೆಂದೂ ಕಾಗದಪತ್ರಗಳಲ್ಲಿ ಮಾತ್ರ ವಿದೇಶಿಯರೆಂದೂ ಹೇಳಿದರು. ಬಸ್ಸಿನಲ್ಲಿ ಒಬ್ಬ ಹುಡುಗ, "ಮಿಸ್, ಅಷ್ಟು ದೊಡ್ಡ ಮಠ ಇರುವವರಿಗೆ ಏನು ಕಷ್ಟ?" ಎಂದು ಕೇಳಿದ. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅವರ ಸ್ಥಿತಿಯನ್ನು ಮಕ್ಕಳಿಗೆ ಹೇಗೆ ತಿಳಿಸಲಿ? ಹಳೆಯ ಬಟ್ಟೆ ಸಂಗ್ರಹಿಸಿ ಕೊಡೋಣವೆಂದು ಕೆಲವು ಪೋಷಕರು ಹೇಳುತ್ತಿದ್ದಾರೆ. ಅದು ನಿಜಕ್ಕೂ ಸಹಾಯವೇ?

ಉತ್ತರ – ರೈತ, ಪಿರಿಯಾಪಟ್ಟಣ ತಾಲ್ಲೂಕು

ಮೇಡಂ, ಮಠ ಕಣ್ಣಿಗೆ ಬೀಳುತ್ತದೆ, ಅದಕ್ಕಿಂತ ಮೊದಲು ಅಲ್ಲಿದ್ದ ಕಾಡು ಈಗ ಕಾಣುವುದಿಲ್ಲ. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಆಗಿನ ಮೈಸೂರು ರಾಜ್ಯದ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ನಮ್ಮ ತಂದೆಯವರು ಹೇಳುತ್ತಿದ್ದಂತೆ, ಚಳಿನಾಡಿನಿಂದ ಬಂದ ಆ ಜನ ನಮ್ಮ ಸೆಕೆಯಲ್ಲಿ ಡೇರೆ ಹಾಕಿಕೊಂಡು, ಹಗಲು ಮರ ಕಡಿದು, ರಾತ್ರಿ ಆನೆ ಬಾರದಂತೆ ಬೆಂಕಿ ಕಾಯುತ್ತಿದ್ದರು. ಮುಸುಕಿನ ಜೋಳ ಬೆಳೆದು ನಿಂತುಕೊಂಡರು. ಇಂದಿಗೂ ಆ ಜಮೀನಿನ ಪಹಣಿ ಅವರ ಹೆಸರಿಗೆ ಬರುವುದಿಲ್ಲ.

ನಮ್ಮ ಪಕ್ಕದ ಹೊಲದ ಅಜ್ಜ ಟಿಬೆಟನ್ನರ ಹೊಸವರ್ಷವಾದ ಲೋಸಾರ್ ಹಬ್ಬಕ್ಕೆ ಪ್ರತಿ ಸಲವೂ ಎಣ್ಣೆಯಲ್ಲಿ ಕರಿದ ಖಪ್ಸೆ ಎಂಬ ತಿಂಡಿಯನ್ನು ನಮ್ಮ ಮನೆಗೆ ತರುತ್ತಾರೆ. ಅವರ ಪತ್ರದಲ್ಲಿರುವ ಹುಟ್ಟಿದ ವರ್ಷ ಯಾರೋ ಅಂದಾಜಿಗೆ ಬರೆದದ್ದು. "ನನ್ನ ವಯಸ್ಸು ನನಗಿಂತ ಸರ್ಕಾರಕ್ಕೇ ಚೆನ್ನಾಗಿ ಗೊತ್ತು" ಎನ್ನುತ್ತಾರೆ. ಹಾಗೆಂದಾಗ ಅವರು ನಗುವುದನ್ನು ನಾನು ಕಂಡಿಲ್ಲ.

ಉತ್ತರ – ವಕೀಲೆ, ಬೆಂಗಳೂರು

ಆ ಯುವತಿಯ ಮಾತಿನಲ್ಲೇ ಕಾನೂನಿನ ತೊಡಕು ಅಡಗಿದೆ. ನಿರಾಶ್ರಿತರಿಗೆ ಸಂಬಂಧಿಸಿದ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಹಾಗಾಗಿ ಟಿಬೆಟನ್ನರು ವಿದೇಶಿಯರಾಗಿ ನೋಂದಾಯಿಸಿಕೊಂಡು, ಆರ್.ಸಿ. ಎಂಬ ನೋಂದಣಿ ಪ್ರಮಾಣಪತ್ರವನ್ನು ಅವಧಿ ಮುಗಿಯುವ ಮೊದಲೇ ನವೀಕರಿಸುತ್ತಿರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ತಾಯಿ ಆ ಅವಧಿಯಲ್ಲಿ ಹುಟ್ಟಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಅವರು ಭಾರತೀಯರೇ. ಆದರೆ ಭಾರತದ ಪಾಸ್‌ಪೋರ್ಟ್ ಬೇಕೆಂದರೆ ಆರ್.ಸಿ.ಯನ್ನೂ ವಸಾಹತಿನ ಸೌಲಭ್ಯಗಳನ್ನೂ ಬಿಡಬೇಕೆಂಬ ಷರತ್ತು 2017ರಲ್ಲಿ ಬಂದಿತು. ನೆರೆಹೊರೆ, ಮನೆ, ಹೊಲ ಎಲ್ಲವೂ ವಸಾಹತಿನಲ್ಲೇ ಇರುವವರಿಗೆ ಅದು ಸಣ್ಣ ಬೆಲೆಯಲ್ಲ. ಟಿಬೆಟಿಗೆ ಮರಳುವ ಆಸೆಯನ್ನು ಕೈಬಿಟ್ಟಂತಾಗುತ್ತದೆಂದು ಪೌರತ್ವವನ್ನೇ ಕೇಳದವರೂ ಇದ್ದಾರೆ, ಅವರನ್ನು ನಾನು ಗೌರವಿಸುತ್ತೇನೆ.

ಮಕ್ಕಳಿಗೆ ಇದನ್ನೂ ಹೇಳಿ: ಸಂವಿಧಾನದ 21ನೆಯ ವಿಧಿ ಕೊಡುವ ಜೀವದ ರಕ್ಷಣೆ ಪೌರರಿಗಷ್ಟೇ ಸೀಮಿತವಲ್ಲ. ಈಗಿನ ಬಾಂಗ್ಲಾದೇಶದಿಂದ ಬಂದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಉತ್ತರ – ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು

ಹಳೆಯ ಬಟ್ಟೆ ದಯವಿಟ್ಟು ಬೇಡ; ಅವರೇ ಸ್ವೆಟರ್ ಮಾರುವವರು. ನನ್ನ ಸಹೋದ್ಯೋಗಿಯೊಬ್ಬರು ಮುಂಡಗೋಡದ ಟಿಬೆಟನ್ ವಸಾಹತಿನವರು. ಬಾಡಿಗೆ ಮನೆ ಹುಡುಕುವಾಗ ಅವರೊಡನೆ ನಾನೂ ಹೋಗಿದ್ದೆ. ಮುಂಗಡದ ಹಣವನ್ನು ಎಣಿಸಿಕೊಂಡಿದ್ದ ಮನೆ ಮಾಲೀಕರು ಆರ್.ಸಿ.ಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಣ ಹಿಂದಿರುಗಿಸಿಬಿಟ್ಟರು. ಮುಂದಿನ ಮನೆಯಲ್ಲಿ ನಾನು ಅರ್ಧ ಗಂಟೆ ಕುಳಿತು ಅದು ಏನು, ಯಾರು ಕೊಡುತ್ತಾರೆ ಎಂದು ವಿವರಿಸಿದೆ, ಪರಿಚಯಸ್ಥನೆಂದು ನನ್ನ ಫೋನ್ ನಂಬರ್ ಕೊಟ್ಟೆ. ಮನೆ ಸಿಕ್ಕಿತು. ಬ್ಯಾಂಕಿನಲ್ಲಿ, ಕಾಲೇಜಿನ ಪ್ರವೇಶದಲ್ಲಿ ಇದೇ ಪಾಡು. ನಿಮ್ಮ ಪೋಷಕರಲ್ಲಿ ಮನೆ ಬಾಡಿಗೆಗೆ ಕೊಡುವವರೂ ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಇರಬಹುದಲ್ಲವೇ? ಅವರಿಗೆ ಆ ಪತ್ರದ ಪರಿಚಯ ಮಾಡಿಸಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಬಟ್ಟೆ ಸಂಗ್ರಹದ ಸುತ್ತೋಲೆಯನ್ನು ತಡೆಹಿಡಿದಿದ್ದೇನೆ. ಪೋಷಕರ ಸಭೆಯಲ್ಲಿ ಆರ್.ಸಿ.ಯ ವಿಷಯ ಮಾತನಾಡುತ್ತೇನೆ. ಪಿರಿಯಾಪಟ್ಟಣದ ಅಣ್ಣನವರೇ, ಆ ಅಜ್ಜನವರಿಗೆ ಇಷ್ಟವಿದ್ದರೆ, ಕಾಡು ಕಡಿದ ದಿನಗಳ ಬಗ್ಗೆ ನಮ್ಮ ಮಕ್ಕಳೊಡನೆ ಮಾತನಾಡುತ್ತಾರೆಯೇ, ದಯವಿಟ್ಟು ಕೇಳಿ ತಿಳಿಸುವಿರಾ?