ಹೊಲಿದ ಟೆಂಡನ್ ಮತ್ತು ಕರಗುವ ಔಷಧದ ಹಾಳೆ: ಭಾನುವಾರದ ಪ್ರಶ್ನೋತ್ತರ

ವೈದ್ಯೆ: ಎಲ್ಲರಿಗೂ ನಮಸ್ಕಾರ. ಕೈಯ ಶಸ್ತ್ರಚಿಕಿತ್ಸೆ ನನ್ನ ವೃತ್ತಿ. "ತುಂಡಾದ ಸ್ನಾಯುರಜ್ಜುವಿಗೆ ಔಷಧ ಬಿಡುತ್ತಾ ತಾನೇ ಕರಗುವ ಹಾಳೆ ಬಂದಿದೆ, ಇನ್ನು ವ್ಯಾಯಾಮ ಬೇಡ" ಎಂಬ ಸಂದೇಶ ನಮ್ಮ ಮುಂಬಯಿ ಬಳಗದಲ್ಲಿ ವಾರದಿಂದ ಓಡಾಡುತ್ತಿರುವುದರಿಂದ ಇಂದು ಅದರ ಬಗ್ಗೆಯೇ ಕೇಳಬಹುದು. ಸ್ನಾಯುರಜ್ಜು ಎಂದರೆ ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ.

ಮುಲುಂಡ್ ಸದಸ್ಯರು: ಇಂಥ ಹಾಳೆ ನಿಜವಾಗಿಯೂ ಇದೆಯೇ, ಮೇಡಂ?

ವೈದ್ಯೆ: ಸಂಶೋಧನೆ ನಿಜ, ಸಂದೇಶದ ಕೊನೆಯ ಮಾತು ಸುಳ್ಳು. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳನ್ನು ಪೋಣಿಸಿ ಮಾಡಿದ ಪಿಎಲ್‌ಜಿಎ ಎಂಬ ಪಾಲಿಮರ್ ದೇಹದೊಳಗಿನ ನೀರಿಗೆ ನಿಧಾನವಾಗಿ ಒಡೆಯುತ್ತಾ ತನ್ನೊಳಗೆ ಬೆರೆಸಿದ ಔಷಧವನ್ನು ಬಿಟ್ಟುಕೊಡುತ್ತದೆ. ಗಾಯ ಹೊಲಿಯುವ, ಕರಗುವ ವಿಕ್ರಿಲ್ ದಾರವೂ ಇದೇ ಕುಲದ್ದು. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಇಡುವ, ಬೇರೊಂದು ಪಾಲಿಮರ್‌ನಿಂದ ಮಾಡಿದ ಔಷಧದ ಬಿಲ್ಲೆಗೆ ಅಮೆರಿಕದಲ್ಲಿ 1996ರಲ್ಲೇ ಅನುಮತಿ ಸಿಕ್ಕಿತು. ಟೆಂಡನ್ನಿನ ಮಟ್ಟಿಗೆ ಮಾತ್ರ ಕೆಲಸ ಹೆಚ್ಚಾಗಿ ಇಲಿ, ಮೊಲ, ಕೋಳಿಗಳ ಮೇಲೆಯೇ ನಡೆದಿದೆ.

ವಸಾಯಿ ಸದಸ್ಯರು: ಮೊಣಕಾಲು ಸವೆತಕ್ಕೆ ಇದು ಆಗುತ್ತದೆಯೇ?

ವೈದ್ಯೆ: ಇಲ್ಲ.

ಭಾಂಡುಪ್ ಸದಸ್ಯರು: ಇದರ ಖರ್ಚನ್ನು ಮೆಡಿಕ್ಲೇಮ್‌ನವರು ಕೊಡುತ್ತಾರೆಯೇ?

ಡೊಂಬಿವಲಿ ಸದಸ್ಯೆ: ಡಾಕ್ಟರರೇ, ನಮ್ಮ ಯಜಮಾನರು ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವರು. ತೆಂಗಿನಕಾಯಿ ಒಡೆಯುವಾಗ ಕತ್ತಿ ಜಾರಿ ಎಡಗೈಯ ಉಂಗುರ ಬೆರಳಿನ ಬುಡ ಕೊಯ್ದು, ಟೆಂಡನ್ ಹೊಲಿಸಿ ಇಂದಿಗೆ 16 ದಿನ. ನಿನ್ನೆ ಸ್ನಾನಕ್ಕೆಂದು ಕೈಗೆ ಆಸರೆಯಾಗಿ ಕಟ್ಟಿದ್ದ ಸ್ಪ್ಲಿಂಟ್ ಬಿಚ್ಚಿ ಬಕೆಟ್ ಎತ್ತಿದಾಗ "ಟಕ್" ಎಂದಿತಂತೆ. ನೋವೇನೂ ಇಲ್ಲ, ಆದರೆ ಬೆರಳಿನ ತುದಿ ಮಡಚುತ್ತಿಲ್ಲ. ಆ ಹಾಳೆಯನ್ನು ಈಗ ಹಾಕಿಸಬಹುದೇ?

ವೈದ್ಯೆ: ಅಮ್ಮ, ಹಾಳೆಯ ಮಾತು ಆಮೇಲೆ. ಹೊಲಿಗೆ ಕಿತ್ತುಹೋಗಿರಬಹುದೆಂಬ ಶಂಕೆ ನನಗಿದೆ. ನೋವಿಲ್ಲವೆಂಬುದು ಇಲ್ಲಿ ಸಮಾಧಾನಪಡುವ ಸಂಗತಿಯಲ್ಲ. ಸ್ಪ್ಲಿಂಟನ್ನು ಮತ್ತೆ ಕಟ್ಟಿ, ಮಡಚಿ ನೋಡುವ ಪ್ರಯೋಗಕ್ಕೆ ಹೋಗದೆ, ಶಸ್ತ್ರಚಿಕಿತ್ಸೆ ಮಾಡಿದವರಲ್ಲಿಗೆ ಇಂದೇ ಹೋಗಿ. ಕೊನೆಯದಾಗಿ ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂಬುದನ್ನು ಬರೆದಿಟ್ಟುಕೊಳ್ಳಿ, ಅರಿವಳಿಕೆ ಕೊಡುವವರು ಕೇಳುತ್ತಾರೆ.

ಅವಸರ ಏಕೆಂದರೆ, ಪೈಜಾಮದ ಲಾಡಿ ನೇಫದೊಳಗೆ ಓಡಾಡುವಂತೆ ಆ ಜಾಗದಲ್ಲಿ ಎರಡು ಟೆಂಡನ್‌ಗಳು ಒಂದೇ ಇಕ್ಕಟ್ಟಾದ ಕೊಳವೆಯೊಳಗೆ ಜಾರುತ್ತವೆ. ಹೊಲಿದು ಮೊದಲ ಆರು ವಾರ ಅವು ಕಿತ್ತುಹೋಗುವ ಭಯ ಇದ್ದೇ ಇರುತ್ತದೆ. ಕಿತ್ತ ಲಾಡಿಯ ತುದಿ ಒಳಗೆ ಸರಿದುಹೋಗುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಸ್ನಾಯು ಅದನ್ನು ಅಂಗೈಯತ್ತ ಎಳೆದುಕೊಂಡು ಕುಗ್ಗುತ್ತದೆ, ಖಾಲಿಯಾದ ಕೊಳವೆ ಮುಚ್ಚುತ್ತದೆ. ಬೇಗ ಹೋದರೆ ಮತ್ತೆ ಹೊಲಿಯುವ ಅವಕಾಶವಿರುತ್ತದೆ, ತಡವಾದರೆ ಬೇರೆಡೆಯ ಟೆಂಡನ್ ತಂದು ಎರಡು ಹಂತದಲ್ಲಿ ಕಸಿ ಮಾಡಬೇಕಾಗಬಹುದು. ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ ಈ ಜಾಗವನ್ನು ಯಾರೂ ಕಾಲಿಡಬಾರದ ನೆಲವೆಂದು ಸುಮ್ಮನೆ ಕರೆಯಲಿಲ್ಲ.

ಹಾಳೆ ನನ್ನ ಕುತೂಹಲ ಕೆರಳಿಸುವುದೂ ಇಲ್ಲಿಯೇ. ತುದಿಗಳು ಒಂದಕ್ಕೊಂದು ಅಂಟಬೇಕು, ಕೊಳವೆಗೆ ಮಾತ್ರ ಅಂಟಬಾರದು. ಐಬುಪ್ರೊಫೆನ್‌ನಂಥ ಉರಿಯೂತ ತಗ್ಗಿಸುವ ಔಷಧ ಬೆರೆತ ಹಾಳೆ ಪ್ರಾಣಿಗಳಲ್ಲಿ ಅಂಟುವಿಕೆಯನ್ನು ಕಡಿಮೆ ಮಾಡಿದೆ. ಆದರೆ ಮೊದಲ ವಾರದ ಉರಿಯೂತವೇ ಕೂಡಿಕೆಯ ಆರಂಭವಾದ್ದರಿಂದ ಅದನ್ನು ಪೂರ್ತಿ ಅಡಗಿಸಿದರೆ ಕೂಡಿಕೆಯೇ ಸಡಿಲವಾದೀತು. ಅದಕ್ಕಾಗಿಯೇ ಹೊರಪದರ ಹೈಅಲುರೋನಿಕ್ ಆಮ್ಲದಿಂದ ಜಾರುವಂತೆಯೂ ಒಳಪದರ ಬೆಳವಣಿಗೆಯ ಪ್ರೋಟೀನ್ ಬಿಡುವಂತೆಯೂ ಇರುವ ಹಾಳೆಗಳನ್ನು ಹೆಣೆಯುತ್ತಿದ್ದಾರೆ. ತೊಡಕುಗಳಿವೆ: ಹಾಕಿದ ಮೊದಲ ದಿನವೇ ಔಷಧದ ದೊಡ್ಡ ಪಾಲು ಸೋರಿಹೋಗಬಹುದು, ಪಾಲಿಮರ್ ಒಡೆದಾಗ ಹುಟ್ಟುವ ಆಮ್ಲ ಸುತ್ತಲಿನ ಅಂಗಾಂಶವನ್ನು ಕೆರಳಿಸಬಹುದು, ಇಕ್ಕಟ್ಟಾದ ಕೊಳವೆಯಲ್ಲಿ ಹಾಳೆಯ ದಪ್ಪವೇ ಅಡ್ಡಿಯಾಗಬಹುದು.

ಕಲ್ಯಾಣ್ ಹಿರಿಯರು: ಇಷ್ಟೆಲ್ಲ ಏಕೆ? ಮಂಗರವಳ್ಳಿ ಅರೆದು, ಅರಸಿನ ಸುಣ್ಣ ಸೇರಿಸಿ ಪಟ್ಟು ಹಾಕಿದರೆ ಮೂರೇ ದಿನದಲ್ಲಿ ನರ ಕೂಡುತ್ತದೆ. ಹತ್ತು ಜನರಿಗೆ ಕಳುಹಿಸಿ.

ವೈದ್ಯೆ: ಕಳುಹಿಸಬೇಡಿ. ಅದು ನರವಲ್ಲ, ಟೆಂಡನ್. ಮೂರು ದಿನದಲ್ಲಿ ಅದು ಯಾರಿಗೂ ಕೂಡುವುದಿಲ್ಲ. ಹಸಿ ಹೊಲಿಗೆಯ ಮೇಲೆ ಸುಣ್ಣ ಚರ್ಮವನ್ನು ಸುಡುತ್ತದೆ, ಅರೆದ ಬಳ್ಳಿ ಸೋಂಕು ತರುತ್ತದೆ.

ಘಾಟ್ಕೋಪರ್ ಸದಸ್ಯರು: ನಮ್ಮ ತಂದೆಯವರ ಮಣಿಕಟ್ಟಿನಲ್ಲಿ ಆ ಸುಣ್ಣದ ಗುಳ್ಳೆಯ ಕಲೆ ಇಂದಿಗೂ ಇದೆ, ರಾಯರೇ.

ಕಲ್ಯಾಣ್ ಹಿರಿಯರು: ನಿಮ್ಮವರು ಅಳತೆ ತಪ್ಪಿರಬೇಕು. ಇಂಗ್ಲಿಷ್ ಔಷಧದಿಂದ ಹಾನಿಯೇ ಇಲ್ಲವೇ?

ಘಾಟ್ಕೋಪರ್ ಸದಸ್ಯರು: ಅಳತೆಯನ್ನು ನಿಮ್ಮ ಸಂದೇಶದಲ್ಲಿ ಬರೆದೇ ಇರಲಿಲ್ಲವಲ್ಲ.

ವೈದ್ಯೆ: ಹಾನಿ ಇದೆ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಆಂಟಿಬಯೋಟಿಕ್ ಮಾತ್ರೆಗಳಿಂದ ಟೆಂಡನ್ ಹರಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಅದರಿಂದ ಸುಣ್ಣ ಔಷಧವಾಗುವುದಿಲ್ಲ. ಈ ಜಗಳ ಇಲ್ಲಿಗೆ ಸಾಕು.

ಠಾಣೆ ಸದಸ್ಯರು: ಹಾಳೆ ಹಾಕಿಸಿದರೆ ವ್ಯಾಯಾಮ ಬಿಡಬಹುದೇ?

ವೈದ್ಯೆ: ಬಿಡಬಾರದೆಂದು ಮೊದಲ ಉತ್ತರದ ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಓದಿ ಕೇಳಿ.

ಕಲ್ಯಾಣ್ ಹಿರಿಯರು: ಹಿರಿಯರೊಡನೆ ಹೀಗೆ ಮಾತನಾಡುವ ವೈದ್ಯರಿಂದ ನಾವೇನು ಕಲಿಯುವುದು?

ವೈದ್ಯೆ: ಡೊಂಬಿವಲಿಯ ಅಮ್ಮ, ಹೊರಟಿರಾ?

ಡೊಂಬಿವಲಿ ಸದಸ್ಯೆ: ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುವುದರಿಂದ ಟ್ಯಾಕ್ಸಿ ಮಾಡಿಕೊಂಡು ಹೊರಟಿದ್ದೇವೆ. ಸ್ಪ್ಲಿಂಟ್ ಕಟ್ಟಿದ್ದೇವೆ. ಬೆಳಿಗ್ಗೆ ಎಂಟಕ್ಕೆ ಎರಡು ಇಡ್ಲಿ, ಅರ್ಧ ಲೋಟ ಚಹಾ. ಆಮೇಲೆ ಏನೂ ಇಲ್ಲ.

ವೈದ್ಯೆ: ಏನನ್ನೂ ಕೊಡಬೇಡಿ. ತಲುಪಿದ ಕೂಡಲೇ ನನಗೆ ಬರೆಯಿರಿ.

ಭಾಂಡುಪ್ ಸದಸ್ಯರು: ಮೆಡಿಕ್ಲೇಮ್ ಬಗ್ಗೆ ಎರಡನೆಯ ಸಲ ಕೇಳುತ್ತಿದ್ದೇನೆ.