ಪದಚರ್ಚೆ: ‘ಒಪ್ಪಾ’ಗೆ ಕನ್ನಡದಲ್ಲಿ ಏನು? (ಸಬ್‌ಟೈಟಲ್‌ಗೆ, ತುರ್ತು)

ಎಂ.ಕೆ.:
ಕೊರಿಯನ್ ಧಾರಾವಾಹಿಯೊಂದರ ಕನ್ನಡ ಸಬ್‌ಟೈಟಲ್ ಕೆಲಸ. ಒಟ್ಟು 16 ಕಂತು. 9ನೆಯದು ನಾಳೆ ಸಂಜೆಯೊಳಗೆ ಹೋಗಬೇಕು. ತೊಡಕು ‘ಒಪ್ಪಾ’. ಹೆಣ್ಣು ಒಡಹುಟ್ಟಿದ ಅಣ್ಣನನ್ನೂ ಹೀಗೇ ಕರೆಯುತ್ತಾಳೆ, ವಯಸ್ಸಿನಲ್ಲಿ ದೊಡ್ಡವನಾದ ಗೆಳೆಯನನ್ನೂ, ಪ್ರಿಯಕರನನ್ನೂ. ಇಲ್ಲಿಯತನಕ ನಾಯಕಿ ನಾಯಕನನ್ನು ಹೆಸರಿಗೆ ‘ಶಿ’ ಸೇರಿಸಿ ಕರೆಯುತ್ತಿದ್ದಳು, ಅದಕ್ಕೆ ‘ಅವರೇ’ ಸಾಕಾಗಿತ್ತು. ಈ ಕಂತಿನಲ್ಲಿ ಸೋಜು ಮದ್ಯ ಹೆಚ್ಚಾಗಿ ಅವನ ಬೆನ್ನೇರಿ ಮನೆಗೆ ಹೋಗುವಾಗ ಮೊದಲ ಸಲ ‘ಒಪ್ಪಾ’ ಅನ್ನುತ್ತಾಳೆ. (ಹೌದು, ಅದೇ ದೃಶ್ಯ. ಯಾವ ಧಾರಾವಾಹಿ ಅದನ್ನು ಬಿಟ್ಟಿದೆ?) ‘ಅಣ್ಣ’ ಹಾಕಿದರೆ ಪ್ರೇಮಕಥೆ ಅಲ್ಲಿಗೇ ಮುಗೀತು. ಹಾಗೇ ಬಿಟ್ಟರೆ ‘ನಿನಗೆ ಒಪ್ಪಾ?’ ಅಂತ ಓದಿಕೊಳ್ಳುತ್ತಾರೆ. ಸಾಲು ಎರಡು ಸೆಕೆಂಡೂ ನಿಲ್ಲುವುದಿಲ್ಲ, ವಿವರಣೆಗೆ ಜಾಗವಿಲ್ಲ. ಒಂದು ಪದ ಹೇಳಿ.

ಪಿ.ಎಸ್.:
ಬಾವ. ಅಕ್ಕನ ಗಂಡ, ಸೋದರತ್ತೆಯ ಮಗ, ಮದುವೆಯಾಗಬಹುದಾದವನು, ಎಲ್ಲರಿಗೂ ಅದೇ ಒರೆ. ಹಳ್ಳಿಗಳಲ್ಲಿ ‘ಮಾವ’ನೂ ನಡೆಯುತ್ತದೆ. ಅರ್ತವೂ ಕೂಡುತ್ತದೆ, ಸಲುಗೆಯೂ ಬರುತ್ತದೆ. ಮನೆಯಲ್ಲಿರುವುದನ್ನು ಬಿಟ್ಟು ಎರವಲಿಗೆ ಹೋಗುವುದು ಸೋಮಾರಿತನ. ಇನ್ನೊಂದು ವಿಶಯ, ಸಬ್‌ಟೈಟಲ್ ಅಲ್ಲ, ಅಡಿಬರಹ.

ಡಿ.ಆರ್.:
‘ಬಾವ’ ಆಗದು. ಆ ಮಾತು ಕಿವಿಗೆ ಬಿದ್ದರೆ ನಮ್ಮವರಿಗೆ ಸೋದರಿಕೆಯ ಸಂಬಂಧ ಕಾಣುತ್ತದೆ. ಕೊರಿಯಾದಲ್ಲಿ ಅಂಥ ಮದುವೆಯನ್ನು ಕಾನೂನೇ ತಡೆಯುತ್ತದೆ: ನಾಗರಿಕ ಸಂಹಿತೆಯ 809ನೆಯ ವಿಧಿಯ ಪ್ರಕಾರ ಎಂಟನೆಯ ಹಂತದವರೆಗಿನ ರಕ್ತಸಂಬಂಧಿಗಳು ಮದುವೆಯಾಗುವಂತಿಲ್ಲ, ಸೋದರತ್ತೆಯ ಮಗ ಬರೀ ನಾಲ್ಕನೆಯ ಹಂತ. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೂ ಆ ನಿಷೇಧವನ್ನು ಉಳಿಸಿತು.

ಅದಕ್ಕಿಂತ ದೊಡ್ಡ ಅಪಾಯ ಮುಂದಿದೆ. ಈ ಧಾರಾವಾಹಿಗಳಿಗೆ ಜನ್ಮರಹಸ್ಯದ ಚಟ. 12ನೇ ಕಂತಿನಲ್ಲೋ 13ರಲ್ಲೋ ಆಸ್ಪತ್ರೆಯ ಕಾಗದವೊಂದು ಸಿಕ್ಕು, ‘ಇವನು ನಿನ್ನ ಸ್ವಂತ ಅಣ್ಣನೇ ಇರಬಹುದು’ ಅಂತ ಅತ್ತೆಯಾಗುವವಳು ಹೇಳಿದಳು ಅಂತಿಟ್ಟುಕೊಳ್ಳಿ. ಅಲ್ಲಿ ನಾಯಕಿಗೆ ‘ಒಪ್ಪಾ’ ಅನ್ನಲು ನಾಲಿಗೆ ಏಳುವುದಿಲ್ಲ, ದೃಶ್ಯದ ಜೀವವೇ ಅದು. ‘ಬಾವ’ ಹಾಕಿದ್ದರೆ ಆ ಸಾಲಿಗೆ ಏನು ಮಾಡುತ್ತೀರಿ?

ಎಲ್.ಎನ್.:
ಯಾರೂ ಬುಡಕ್ಕೆ ಹೋಗುತ್ತಿಲ್ಲ. ಕೊರಿಯನ್ ‘ಅಪ್ಪಾ’ ನಮ್ಮ ಅಪ್ಪ, ‘ಅಮ್ಮಾ’ ನಮ್ಮ ಅಮ್ಮ, ತಂಗಿ ಅಕ್ಕನನ್ನು ಕರೆಯುವ ‘ಅನ್ನಿ’ ನಮ್ಮ ಅಣ್ಣನ ನೆಂಟ. ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ ನೂರು ವರ್ಷಕ್ಕೂ ಹಿಂದೆಯೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಿದ್ದಾರೆ. ‘ಒಪ್ಪಾ’ ಎರವಲೇ ಅಲ್ಲ, ಜ್ಞಾತಿಪದ, ಅಂದರೆ ಒಂದೇ ಬುಡದಿಂದ ಬಂದ ಪದ.

ಡಿ.ಆರ್.:
ಹಲ್ಬರ್ಟರ ವಾದವನ್ನು ಈಗ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಅಪ್ಪ, ಅಮ್ಮ, ಪಾಪ ಇವೆಲ್ಲ ತೊದಲುನುಡಿ, ಲೋಕದ ತುಂಬ ಇವೆ. ‘ಒಪ್ಪಾ’ದ ಹಳೆಯ ಬಳಗ ‘ಒರಾಬಿ’, ‘ಒರಾಬೊನಿ’. ರಾಜರ ಕಾಲದ ಧಾರಾವಾಹಿಗಳಲ್ಲಿ ಈಗಲೂ ಕೇಳಿಸುತ್ತದೆ.

ಎಲ್.ಎನ್.:
ಆ ‘ಒರಾಬಿ’ಯ ಬಾಲದಲ್ಲಿರುವ ‘ಅಬಿ’ ಯಾರು? ಅಪ್ಪನೇ. ಪೂರ್ತಿ ಓದಿ ಬರೆಯಿರಿ.

ಎಸ್.ವಿ.:
ಬುಡ ಕಟ್ಟಿಕೊಂಡು ನಾಳೆ ಸಂಜೆಗೆ ಏನಾಗಬೇಕು? ಎಂ.ಕೆ. ಅವರೇ, ಮೊದಲು ಪಾತ್ರಗಳನ್ನು ಬೇರೆ ಮಾಡಿ. ಮೊದಲ ಕಂತಿನಿಂದಲೇ ‘ಒಪ್ಪಾ’ ಅನ್ನಿಸಿಕೊಂಡು, ಕೊಡೆ ಹಿಡಿದು, ಊಟ ಕೊಡಿಸಿ ಓಡಾಡುವವನು ಎರಡನೆಯ ನಾಯಕ. ಅವನು ಸೋಲುವುದು ಖಾತ್ರಿ. ಗೆಲ್ಲುವವನು ‘ಶಿ’ಯಿಂದಲೋ ಹುದ್ದೆಯ ಹೆಸರಿನಿಂದಲೋ ಶುರುವಾಗಿ ಅರ್ಧ ದಾಟಿದ ಮೇಲೆ ‘ಒಪ್ಪಾ’ ಆಗುತ್ತಾನೆ. ಸೋಲುವವನಿಗೆ ‘ಅಣ್ಣ’ ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಕೊರಿಯನ್ ನೋಡುಗರಿಗೆ ಎಂಟು ಕಂತಿನವರೆಗೆ ಇರುವ ಅನುಮಾನ ನಮ್ಮವರಿಗೆ ಎಂಟೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಇಬ್ಬರಿಗೂ ‘ಒಪ್ಪಾ’, ಒಡಹುಟ್ಟಿದವನಿಗೆ ಮಾತ್ರ ‘ಅಣ್ಣ’.

ಸಲುಗೆಯನ್ನು ಕ್ರಿಯಾಪದದಿಂದ ತನ್ನಿ. ಮೂಲದ ಧ್ವನಿಯಲ್ಲಿ ವಾಕ್ಯದ ಕೊನೆಯ ‘ಯೊ’ ಕೇಳಿಸುತ್ತದೆಯೇ ನೋಡಿ. ಇದ್ದರೆ ‘ಬನ್ನಿ’, ಬಿದ್ದುಹೋಗಿದ್ದರೆ ‘ಬಾ’. ಕರೆಯುವ ಪದ ಬದಲಾಗಿಯೂ ‘ಯೊ’ ಉಳಿಯುವುದುಂಟು, ಆಗ ಬಹುವಚನವನ್ನೇ ಉಳಿಸಿ. ಇಂಗ್ಲಿಷ್ ಸಬ್‌ಟೈಟಲ್ ನೋಡಿ ಅನುವಾದಿಸುವವರು ಎಡವುವುದು ಇಲ್ಲೇ. ಇಬ್ಬರೂ ‘ಇನ್ಮೇಲೆ ಏಕವಚನದಲ್ಲೇ ಮಾತಾಡೋಣ’ ಅಂದುಕೊಳ್ಳುವ ಸಾಲು ಇಂಗ್ಲಿಷಿನಲ್ಲಿ ‘ಆರಾಮಾಗಿ ಮಾತಾಡೋಣ’ ಆಗಿರುತ್ತದೆ. ಅದನ್ನು ನಂಬಿದರೆ ಕನ್ನಡದಲ್ಲಿ ಇಬ್ಬರೂ ಸುಮ್ಮನೆ ಕಾಲು ಚಾಚಿ ಕೂತಂತೆ ಕಾಣುತ್ತದೆ.

‘ರೀ’ಯನ್ನು ಈಗಲೇ ಖರ್ಚು ಮಾಡಬೇಡಿ. 15ರಲ್ಲಿ ಅಗಲಿ, ‘ಒಂದು ವರ್ಷದ ನಂತರ’ ಅಂತ ಹಾಕಿ, 16ರಲ್ಲಿ ಮದುವೆಯಾಗಿ ‘ಯೊಬೊ’ ಅಂದಾಗ ಅದು ಬೇಕಾಗುತ್ತದೆ. ‘ಒಪ್ಪುತ್ತೀಯಾ’ ಅನ್ನುವ ಗೊಂದಲಕ್ಕೆ: ವಾಕ್ಯದ ಮೊದಲಲ್ಲಿಟ್ಟು ಅಲ್ಪವಿರಾಮ ಹಾಕಿ, ‘ಒಪ್ಪಾ, ಸ್ವಲ್ಪ ನಿಲ್ಲು’. ಕೊನೆಯಲ್ಲಿ ಪ್ರಶ್ನಾರ್ಥಕದ ಪಕ್ಕ ಇಡಬೇಡಿ. ‘ಅನ್ನಿ’ಯನ್ನು ಮಾತ್ರ ಹಾಗೇ ಬರೆಯುವಂತಿಲ್ಲ, ಯಾರೋ ‘ಏನಾದರೂ ಅನ್ನಿ’ ಅಂದಂತಾಗುತ್ತದೆ. ಅಲ್ಲಿ ‘ಅಕ್ಕ’ ಸಾಕು. ಗಂಡು ಹೇಳುವ ‘ನೂನಾ’ಗೂ ಅಕ್ಕ, ‘ಹ್ಯಂಗ್’ಗೆ ಅಣ್ಣ. ನಾಯಕಿಯೇ ದೊಡ್ಡವಳಾಗಿರುವ ಕಥೆಗಳಲ್ಲೂ ಅಕ್ಕ ಕೆಡುವುದಿಲ್ಲ: ಹುಡುಗ ಪ್ರೀತಿ ಹೇಳಿಕೊಳ್ಳುವ ಹೊತ್ತಿಗೆ ‘ನೂನಾ’ ಬಿಟ್ಟು ಹೆಸರು ಹಿಡಿಯುವುದೇ ಅಲ್ಲಿನ ರೂಢಿ.

ಪಿ.ಎಸ್.:
ಇಂದು ಒಪ್ಪಾ, ನಾಳೆ ‘ಭಲೇ’ ಅನ್ನಲು ಡೇಬಕ್, ನಾಡಿದ್ದು ಹ್ವಾಯ್ಟಿಂಗ್. ಕೊನೆಗೆ ಕನ್ನಡದ್ದು ಅಂತ ಉಳಿಯುವುದು ಲಿಪಿ ಮಾತ್ರ.

ಡಿ.ಆರ್.:
‘ಹ್ವಾಯ್ಟಿಂಗ್’ ಅವರದ್ದೂ ಅಲ್ಲ, ಇಂಗ್ಲಿಷಿನ ಫೈಟಿಂಗ್. ತಂದರು, ಹುರಿದುಂಬಿಸುವ ಮಾತಾಗಿ ತಿರುಗಿಸಿಕೊಂಡರು. ಆಕ್ಸ್‌ಫರ್ಡ್ ನಿಘಂಟು 2021ರಲ್ಲಿ ‘ಒಪ್ಪಾ’ವನ್ನು ಸೇರಿಸಿಕೊಂಡಿತು, ಇಂಗ್ಲಿಷೇನೂ ಬಡವಾಗಲಿಲ್ಲ. ನುಡಿಶುದ್ಧಿಗೆ ಕಾನೂನೇ ಬೇಕಿದ್ದರೆ ಉತ್ತರ ಕೊರಿಯಾ ನೋಡಿ. 2023ರ ಜನವರಿಯ ‘ಪ್ಯೊಂಗ್‌ಯಾಂಗ್ ಸಾಂಸ್ಕೃತಿಕ ಭಾಷೆಯ ರಕ್ಷಣಾ ಕಾನೂನು’ ರಕ್ತಸಂಬಂಧವಿಲ್ಲದ ಯುವಕರನ್ನು ‘ಒಪ್ಪಾ’ ಅನ್ನುವುದನ್ನೇ ತಡೆದಿದೆ, ‘ಕಾಮ್ರೇಡ್’ ಅನ್ನಬೇಕಂತೆ.

ಪಿ.ಎಸ್.:
ನಾನು ಪದ ಹೇಳಿದೆ, ನೀವು ಜೈಲು ತೋರಿಸುತ್ತೀರಿ. ವಾದ ಮುಗಿದವರ ದಾರಿ ಇದು.

ಎಲ್.ಎನ್.:
ಜ್ಞಾತಿಪದ ಅಂದಮೇಲೆ ಈ ಜಗಳವೇ ಬೇಕಿರಲಿಲ್ಲ.

ಎಂ.ಕೆ.:
ಎಸ್.ವಿ. ಅವರ ಸೂಚನೆಯಂತೆ ಎಲ್ಲ ಕಡೆ ‘ಒಪ್ಪಾ’, ಸ್ವಂತದವನಿಗೆ ‘ಅಣ್ಣ’. ‘ಯೊ’ ಇನ್ನೂ ಬಿದ್ದಿಲ್ಲ, ಹಾಗಾಗಿ ‘ಒಪ್ಪಾ, ಸ್ವಲ್ಪ ನಿಲ್ಲಿ’. 10ನೇ ಕಂತಿನಲ್ಲಿ ನಾಯಕನೇ ಅವಳನ್ನು ಮುದ್ದಿನಿಂದ ‘ಜಾಗಿಯಾ’ ಅನ್ನುತ್ತಾನೆ. ಅದಕ್ಕೆ?

ಪಿ.ಎಸ್.:
ಚಿನ್ನ.

ಡಿ.ಆರ್.:
ಚಿನ್ನ ಮಗುವಿಗೆ.