ಸೋಲಾರ್ ಪಾರ್ಕಿನ ಬಾಡಿಗೆ ಜಮೀನಿದ್ದವರಿಗೆ; ಕೂಲಿಯವರಿಗೆ ಏನು?

ನಾಗಲಮಡಿಕೆ ಮಗ:
ನಮ್ಮ ಪಾವಗಡದಲ್ಲಿ ತಿರುಮಣಿ ಸುತ್ತಮುತ್ತ ಸೋಲಾರ್ ಪಾರ್ಕ್ 2018ರಲ್ಲಿ ಶುರುವಾಯಿತು. ಐದು ಊರು, ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟೆವು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಜಾಸ್ತಿ. ನಮ್ಮ ಮನೆಗೆ ಒಳ್ಳೆಯದೇ ಆಯಿತು. ಆದರೆ ನಮ್ಮ ಹೊಲಕ್ಕೆ ಕಡಲೆಕಾಯಿ ಕೀಳಲು ಬರುತ್ತಿದ್ದವರು ನೆನಪಾದರೆ ಹೊಟ್ಟೆಯಲ್ಲಿ ಸಂಕಟ. ಅವರ ಬದುಕಿಗೆ ದಾರಿ ಏನು?

ಒಣಬೇಸಾಯ:
ಅಣ್ಣ, ಮಳೆ ನಂಬಿ ಕಡಲೆಕಾಯಿ ಹಾಕಿದವರನ್ನು ಕೇಳಿ. ನಮ್ಮಪ್ಪ ಬೀಜಕ್ಕೆ ಸಾಲ ಮಾಡುತ್ತಿದ್ದರು. ಹೂವಾಗುವ ಹೊತ್ತಿಗೆ ಮಳೆ ಕೈಕೊಡುತ್ತಿತ್ತು. ಕೊನೆಗೆ ಬಳ್ಳಿ ಕಿತ್ತು ದನಕ್ಕೆ ಹಾಕಿದ್ದು ಎಷ್ಟು ಸಲವೋ. ಈಗ ಐದು ಎಕರೆ ಇದ್ದರೆ ಲಕ್ಷದ ಮೇಲೆ ಬರುತ್ತದೆ. ಬೇಡ ಅನ್ನಬೇಕಾ? ಕೂಲಿಯವರು ಆಗಲೂ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಅಲ್ವಾ?

ಸಂಘದ ಅಕ್ಕ:
ಹೋಗುತ್ತಿದ್ದೆವು ನಿಜ. ಸುಗ್ಗಿಗೆ ವಾಪಸ್ ಬರುತ್ತಿದ್ದೆವು ಅನ್ನೋದೂ ನಿಜ. ಆ ಕೂಲಿ ನನ್ನ ಕೈಗೇ ಬರುತ್ತಿತ್ತು. ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಪಹಣಿಯಲ್ಲಿ ಎಷ್ಟು ಹೆಂಗಸರ ಹೆಸರಿದೆ, ನೀವೇ ಹೇಳಿ. ತೀರಿಹೋದ ತಾತನ ಹೆಸರಲ್ಲೇ ಇನ್ನೂ ಪಹಣಿ ಇರುವ ಮನೆಗಳ ಕಥೆಯಂತೂ ಬೇರೆ.

ಕೋಲಾರದವನು:
ನಮ್ಮ ಕಡೆ ಅದಕ್ಕೇ ಡೈರಿ ಬದುಕಿಸಿತು. ಎರಡು ಹಸು ಇದ್ದರೆ ಸಾಕು, ಜಮೀನಿಲ್ಲದವಳೂ ಬೆಳಗ್ಗೆ ಸಂಜೆ ಕ್ಯಾನ್ ಹಿಡಿದು ಹೋಗುತ್ತಾಳೆ. ಹಾಲು ಹಾಕುವವರನ್ನು ಯಾರೂ ಪಹಣಿ ಕೇಳುವುದಿಲ್ಲ.

ಕುರಿ ಮಂದೆ:
ಮೇವು ಎಲ್ಲಿಂದ ಸಾರ್? ನನ್ನದು ಅರವತ್ತು ಕುರಿ ಇತ್ತು. ಕಟಾವಾದ ಮೇಲೆ ಯಾರ ಹೊಲಕ್ಕೆ ಬೇಕಾದರೂ ಬಿಡುತ್ತಿದ್ದೆ. ಗೊಬ್ಬರಕ್ಕೆ ಅಂತ ರಾತ್ರಿ ಮಂದೆ ಹಾಕಿಸಿಕೊಂಡವರು ದುಡ್ಡೋ ರಾಗಿಯೋ ಕೊಡುತ್ತಿದ್ದರು. ಈಗ ರಸ್ತೆ ಅಂಚಿನಲ್ಲೇ ಹೊಡೆದುಕೊಂಡು ಹೋಗಬೇಕು. ಮಳೆ ಬಿದ್ದಾಗ ತಂತಿ ಬೇಲಿ ಒಳಗೆ, ಪ್ಯಾನೆಲ್ ಕೆಳಗೆ ಹುಲ್ಲು ಹಸಿರಾಗಿ ನಿಂತಿರುತ್ತದೆ. ಕುರಿ ತಂತಿಗೆ ಮೂತಿ ಒತ್ತಿ ನಿಲ್ಲುತ್ತವೆ, ಎಳೆದರೂ ಬರುವುದಿಲ್ಲ. ಮೂವತ್ತೈದು ಮಾರಿಬಿಟ್ಟೆ.

ಒಣಬೇಸಾಯ:
ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಆ ಹುಲ್ಲನ್ನು ಕೂಲಿ ಕೊಟ್ಟು ಕೊಯ್ಯಿಸುತ್ತಾರೆ, ಇಲ್ಲದಿದ್ದರೆ ಪ್ಯಾನೆಲ್ ಮೇಲೆ ನೆರಳು ಬೀಳುತ್ತದೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಪ್ಯಾನೆಲ್ ಕೆಳಗೆ ಕುರಿಯನ್ನೇ ಮೇಯಲು ಬಿಡುತ್ತಾರೆ. ಮೇಕೆ ಆಗುವುದಿಲ್ಲ, ಹತ್ತುತ್ತವೆ, ವೈರ್ ಕಡಿಯುತ್ತವೆ. ಕುರಿಗೆ ತೊಂದರೆ ಇಲ್ಲ. ಆದರೂ ಬಾಡಿಗೆ ತಪ್ಪು ಅಂತ ಮಾತ್ರ ನಾನು ಒಪ್ಪುವುದಿಲ್ಲ.

ಸಂಘದ ಅಕ್ಕ:
ಬಾಡಿಗೆ ತಪ್ಪು ಅಂತ ಯಾರೂ ಹೇಳಲಿಲ್ಲ ತಮ್ಮ. ಪ್ಯಾನೆಲ್ ತೊಳೆಯುವ, ಕಳೆ ತೆಗೆಯುವ ಕೆಲಸ ಗುತ್ತಿಗೆದಾರರ ಕೈಯಲ್ಲಿದೆ. ಒಂದು ತಿಂಗಳು ಕರೆಯುತ್ತಾರೆ, ಇನ್ನೊಂದು ತಿಂಗಳು ಇಲ್ಲ. ಅದನ್ನು ಸ್ತ್ರೀಶಕ್ತಿ ಸಂಘಗಳಿಗೇ ಕೊಡಲಿ, ಕೂಲಿ ನಮ್ಮ ಖಾತೆಗೆ ಬೀಳಲಿ. ಜಮೀನಿಲ್ಲದ ಮನೆಗೆ ಮೊದಲು ಕೆಲಸ ಅಂತ ಬರೆದೇ ಕೊಡಲಿ. ಬೇರೆ ತಾಲೂಕಿಗೆ ಪಾರ್ಕ್ ಬರುವುದಾದರೂ ಇದನ್ನು ಮೊದಲೇ ಕೇಳಬೇಕು. ಬೇಲಿ ಹಾಕಿದ ಮೇಲೆ ಕೇಳಿದರೆ ಯಾರು ಕಿವಿ ಕೊಡುತ್ತಾರೆ?

ನಾಗಲಮಡಿಕೆ ಮಗ:
ಅಕ್ಕ, ಸಂಘಕ್ಕೆ ಕೆಲಸ, ಪ್ಯಾನೆಲ್ ಕೆಳಗೆ ಕುರಿ ಮೇಯಿಸುವುದು, ಎರಡನ್ನೂ ಗ್ರಾಮಸಭೆಯಲ್ಲಿ ಇಡುತ್ತೇನೆ. ಬಾಡಿಗೆ ತಗೊಳ್ಳುವ ನಾವೇ ಕೇಳಿದರೆ ತೂಕ ಜಾಸ್ತಿ. ಕುರಿ ಅಣ್ಣ, ನಿಮ್ಮೂರಲ್ಲಿ ಎಷ್ಟು ಮನೆಗೆ ಕುರಿ ಇದೆ, ಎಷ್ಟು ಉಳಿದಿವೆ, ಬರೆದು ಕೊಡುತ್ತೀರಾ?

ಕುರಿ ಮಂದೆ:
ಹನ್ನೊಂದು ಮನೆ. ಮಾರಿದ್ದರ ಲೆಕ್ಕವನ್ನೂ ಸೇರಿಸಿ ನಾಳೆ ಸಂಜೆ ಕೊಡುತ್ತೇನೆ.